ಬಿಟ್ಟ ಸ್ಥಳ ತುಂಬುವ ಮುಂಚೆ ಪಕ್ಕದ ಪದವನ್ನು ಕೇಳಿ

ಕಳೆದ ಆಷಾಢದಲ್ಲಿ ಸಾಗರದ ಹತ್ತಿರದ ತವರುಮನೆಗೆ ಹೋಗಿದ್ದೆ. ಮೂರು ದಿನದಿಂದ ಕರೆಂಟಿಲ್ಲ, ಮಳೆ ಬಿಡುವ ಲಕ್ಷಣವೂ ಇಲ್ಲ. ಏಳನೇ ಕ್ಲಾಸಿನ ಅಣ್ಣನ ಮಗಳು ಜಗಲಿಯಲ್ಲಿ ಚಾರ್ಜರ್ ಲೈಟ್ ಇಟ್ಟುಕೊಂಡು ಕನ್ನಡದ ಹೋಂವರ್ಕ್ ಮಾಡುತ್ತಿದ್ದಳು. ಸುಮ್ನೆ ಇಣುಕಿದೆ.

‘ಮಳೆ ಹೆಚ್ಚಾಗಿ ಅಡಿಕೆ ತೋಟಕ್ಕೆ ____ ಬಂತು, ಅಪ್ಪ ಮೈಲುತುತ್ತ, ಸುಣ್ಣ ತಂದು ಔಷಧಿ ಹೊಡೆಸಿದರು.’

ಕೊಟ್ಟ ಪದಗಳು ಮೂರು: ಕೊಲೆ, ಕೊಳೆ, ಹೊಳೆ. ಇವಳು ‘ಹೊಳೆ’ ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದಳು. ಯಾಕೆ ಅಂತ ಕೇಳಿದರೆ, “ಹೋದ ವರ್ಷ ತೋಟಕ್ಕೆ ಹೊಳೆ ಬಂದಿತ್ತಲ್ಲ ಅತ್ತೆ!” ಅಂದಳು. ಮಾತು ಸುಳ್ಳಲ್ಲ. ಆದರೆ ಹೊಳೆಗೆ ಯಾರೂ ಮೈಲುತುತ್ತ ಹೊಡೆಯುವುದಿಲ್ಲ. ನೂರು ಲೀಟರ್ ನೀರಿಗೆ ಒಂದೊಂದು ಕೆ.ಜಿ. ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವುದು ಕೊಳೆರೋಗಕ್ಕೆ. ಅದು ಅವಳಿಗೂ ಗೊತ್ತು, ಆ ಡ್ರಮ್ಮಿನ ಪಕ್ಕದಲ್ಲೇ ಬೆಳೆದವಳು. ‘ಬಂತು’ ಅನ್ನುವಲ್ಲಿಗೆ ಓದುವುದನ್ನು ನಿಲ್ಲಿಸಿದ್ದಳು, ಅಷ್ಟೇ.

ಶಿವಮೊಗ್ಗದಲ್ಲಿ ನಾನು ಸಂಜೆ ಹೊತ್ತು ನಾಲ್ಕಾರು ಮಕ್ಕಳಿಗೆ ಮನೆಪಾಠ ಹೇಳುತ್ತೇನೆ. ಎಫ್‌ಡಿಎ, ಎಸ್‌ಡಿಎ ಅಂತ ಸರ್ಕಾರಿ ಗುಮಾಸ್ತರ ಕೆಲಸದ ಪರೀಕ್ಷೆಗೆ ಓದುವ ದೊಡ್ಡವರೂ ಆಗಾಗ ಬರುತ್ತಾರೆ. ನಾನು ಕಂಡ ಹಾಗೆ, ಗೊತ್ತಿಲ್ಲದ ಪದದಿಂದ ಮಾರ್ಕ್ಸ್ ಹೋಗುವುದು ಕಡಿಮೆ. ಗೊತ್ತಿರುವ ಪದವನ್ನೇ ಅವಸರದಲ್ಲಿ ತುರುಕಿ ಕಳೆದುಕೊಳ್ಳುವುದು ಜಾಸ್ತಿ. ಅದಕ್ಕೆ ನಾನು ಹೇಳಿಕೊಡುವ ದಾರಿ ಹೀಗಿದೆ.

1. ಕೊಟ್ಟ ಪದಗಳನ್ನು ಕೈಯಿಂದ ಮುಚ್ಚಿ

ನಿಜವಾಗಿ ಮುಚ್ಚಿ, ಅಂಗೈ ಇಟ್ಟು. ಪದಗಳನ್ನು ಮೊದಲೇ ನೋಡಿದರೆ ಮನಸ್ಸು ಪರಿಚಯದ ಪದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ವಾಕ್ಯವನ್ನು ಆ ಪದಕ್ಕೆ ಹೊಂದಿಸಲು ನೋಡುತ್ತೇವೆ. ಅಣ್ಣನ ಮಗಳು ಮಾಡಿದ್ದೂ ಅದನ್ನೇ.

2. ಪೂರ್ಣವಿರಾಮದವರೆಗೆ ಓದಿ

ಇದು ಎಲ್ಲ ಭಾಷೆಗೂ ಬೇಕು, ಕನ್ನಡಕ್ಕೆ ಇನ್ನೂ ಜಾಸ್ತಿ ಬೇಕು. ನಮ್ಮಲ್ಲಿ ಕ್ರಿಯಾಪದ ಕೂರುವುದು ವಾಕ್ಯದ ತುದಿಯಲ್ಲಿ. ಹಾಗಾಗಿ ಬಿಟ್ಟ ಸ್ಥಳದ ಗುಟ್ಟು ಬಹಳ ಸಲ ಅದರ ಹಿಂದೆ ಇರುವುದಿಲ್ಲ, ಮುಂದೆ ಇರುತ್ತದೆ. ಈ ವಾಕ್ಯ ನೋಡಿ:

‘ಅಜ್ಜಿ ಕೊಟ್ಟಿಗೆಗೆ ಹೋಗಿ ____ ಕರೆದು, ಸೋಸಿ, ಒಲೆ ಮೇಲೆ ಇಟ್ಟರು.’

‘ಕರೆದು’ ಅನ್ನುವವರೆಗೆ ಓದಿದರೆ ಆಳು, ಹಾಲು, ಕರು ಯಾವುದು ಬೇಕಾದರೂ ಆಗಬಹುದು. ಕರೆಯುವುದು ಅಂದರೆ ಕೂಗುವುದೂ ಹೌದು, ಹಾಲು ಹಿಂಡುವುದೂ ಹೌದು. ‘ಸೋಸಿ’ ಬಂದ ತಕ್ಷಣ ಆಳೂ ಕರುವೂ ಎದ್ದು ಹೊರಗೆ ಹೋಗುತ್ತಾರೆ. ಒಂದೇ ಪದ ಇಷ್ಟು ಕೆಲಸ ಮಾಡಿತು ನೋಡಿ. ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ಹಾಗೆ ಬೇರೆಯವರನ್ನು ಹೊರಗೆ ಕಳಿಸುವ ಪದ ಯಾವುದು ಅಂತ ಹುಡುಕಿ, ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ.

3. ನಿಮ್ಮದೇ ಒಂದು ಪದ ಹಾಕಿ ನೋಡಿ

ಕೈ ಇನ್ನೂ ಮುಚ್ಚೇ ಇರಲಿ. ನೀವಾಗಿದ್ದರೆ ಅಲ್ಲಿ ಏನು ಹೇಳುತ್ತಿದ್ದಿರಿ? ಚಂದದ ಪದವೇ ಬೇಕಂತಿಲ್ಲ, ಮನೆಮಾತಿನ ಪದವಾದರೂ ಸರಿ. ಆಮೇಲೆ ಕೈ ತೆಗೆದು, ನಿಮ್ಮ ಪದಕ್ಕೆ ಹತ್ತಿರದ್ದನ್ನು ಆರಿಸಿ. ಅರ್ಧಕ್ಕರ್ಧ ಪ್ರಶ್ನೆ ಇಲ್ಲೇ ಮುಗಿಯುತ್ತವೆ.

4. ಉಳಿದಿದ್ದಕ್ಕೆ ಅಕ್ಕಪಕ್ಕದವರನ್ನು ವಿಚಾರಿಸಿ

ಹಳೇ ಕಾಲದ ಪಂಡಿತರು ಇದಕ್ಕೆ ಸೈಂಧವದ ಉದಾಹರಣೆ ಕೊಡುತ್ತಿದ್ದರು. ಸಂಸ್ಕೃತದಲ್ಲಿ ಸೈಂಧವ ಅಂದರೆ ಉಪ್ಪೂ ಹೌದು, ಸಿಂಧೂ ಸೀಮೆಯ ಕುದುರೆಯೂ ಹೌದು. ಯಜಮಾನ ಊಟದ ಎಲೆ ಮುಂದೆ ಕೂತು ‘ಸೈಂಧವ ತಾ’ ಅಂದರೆ ಉಪ್ಪು ತರಬೇಕು, ಹೊರಟು ನಿಂತು ಅಂದರೆ ಕುದುರೆ ತರಬೇಕು. ಮಾತು ಅದೇ, ಸಂದರ್ಭ ಬೇರೆ.

ನಮಗೆ ಅಷ್ಟು ದೂರ ಹೋಗುವುದು ಬೇಡ. ‘ಅಪ್ಪ ಮಂಡಿಗೆ ಹೋದರು’, ‘ಅಪ್ಪನಿಗೆ ಮಂಡಿ ನೋವು’. ಶಿವಮೊಗ್ಗದಲ್ಲಿ ಎರಡೂ ದಿನನಿತ್ಯದ ಮಾತು, ಯಾರಿಗೂ ಗೊಂದಲ ಇಲ್ಲ. ಒಂದು ಅಡಿಕೆ ವ್ಯಾಪಾರದ ಜಾಗ, ಅದರ ಪಕ್ಕ ‘ಹೋದರು’ ಇದೆ. ಇನ್ನೊಂದು ಮೊಣಕಾಲು, ಅದರ ಪಕ್ಕ ‘ನೋವು’ ಇದೆ.

ಮಂಡಿಯೊಳಗೆ ಹೋದರೆ ‘ರಾಶಿ’ ಅನ್ನುವ ಪದ ಸಿಗುತ್ತದೆ. ನನಗೆ ಇದರ ಮೇಲೆ ಸ್ವಲ್ಪ ಪ್ರೀತಿ, ಅದಕ್ಕೇ ಪ್ರತಿ ವರ್ಷ ಪಾಠಕ್ಕೆ ಇದನ್ನೇ ತರುತ್ತೇನೆ. ‘ಈ ವಾರ ರಾಶಿಗೆ ರೇಟು ಏರಿದೆ, ಬೆಟ್ಟೆಗೆ ಇಳಿದಿದೆ’ ಅಂದರೆ ಬೇಯಿಸಿ ಒಣಗಿಸಿದ ಅಡಿಕೆಯ ಒಂದು ಬಗೆ. ಸರಕು, ಬೆಟ್ಟೆ, ಗೊರಬಲಿನ ಸಾಲಿನಲ್ಲಿ ಬರುವಂಥದ್ದು. ‘ಕಣದಲ್ಲಿ ರಾಶಿ ಪೂಜೆ ಮಾಡಿದರು’ ಅಂದರೆ ಬತ್ತದ ಗುಡ್ಡೆ. ‘ಹುಡುಗನ ರಾಶಿ ಯಾವುದು, ನಕ್ಷತ್ರ ಯಾವುದು?’ ಅಂತ ಭಟ್ಟರು ಕೇಳಿದರೆ ಮೇಷ, ವೃಷಭ. ‘ಮದುವೆಮನೆಯಲ್ಲಿ ರಾಶಿ ಜನ’ ಅಂದರೆ, ನಮ್ಮ ಸಾಗರದ ಕಡೆಯ ಮಾತಿನಲ್ಲಿ, ತುಂಬಾ ಜನ. ಪದ ಒಂದೇ, ಅರ್ಥ ನಾಲ್ಕು. ಬೆಟ್ಟೆ, ಕಣ, ನಕ್ಷತ್ರ, ಜನ ಇವೇ ಆ ಪಕ್ಕದವರು. ಅವರನ್ನು ಕೇಳಿದರೆ ರಾಶಿ ಯಾರ ಮನೆಯದು ಅಂತ ಹೇಳಿಬಿಡುತ್ತಾರೆ.

‘ಕೊನೆ’ ಇನ್ನೂ ತಮಾಷೆ. ‘ಕೊನೆ ಇಳಿಸುವವನು ಕೊನೆಗೂ ಬಂದ’ ಅಂತ ನಮ್ಮ ಮನೆಯಲ್ಲಿ ಕೊಯ್ಲಿನ ಕಾಲದಲ್ಲಿ ಒಮ್ಮೆಯಾದರೂ ಕೇಳಿಸುತ್ತದೆ. ಮೊದಲನೆಯದು ಅಡಿಕೆ ಗೊಂಚಲು, ಎರಡನೆಯದು ಕಾದು ಕಾದು ಸುಸ್ತಾದದ್ದು.

ಪಕ್ಕದವರಲ್ಲಿ ಕೆಲವರು ಬಹಳ ಸಣ್ಣವರು, ಕಣ್ಣಿಗೆ ಬೀಳುವುದಿಲ್ಲ. ಆದರೆ, ಆದರೂ, ಆದ್ದರಿಂದ, ಬದಲು, ಹೊರತು. ಇಂಥ ಪದ ಕಂಡರೆ ನಿಂತು ಓದಿ. ‘ಮಳೆಗಾಲದಲ್ಲಿ ನಮ್ಮೂರ ಬಾವಿ ಕೈಗೆ ನೀರು ಸಿಗುವಷ್ಟು ತುಂಬುತ್ತದೆ. ಆದರೂ ಏಪ್ರಿಲ್ ಹೊತ್ತಿಗೆ ನೀರಿಗೆ ____.’ ಇಲ್ಲಿ ‘ಪರದಾಟ’ ಬರಬೇಕು. ‘ಆದರೂ’ ತೆಗೆದು ‘ಆದ್ದರಿಂದ’ ಹಾಕಿ, ‘ತೊಂದರೆಯಿಲ್ಲ’ ಬರಬೇಕಾಗುತ್ತದೆ. ಉಳಿದ ಒಂದು ಅಕ್ಷರವೂ ಬದಲಾಗಿಲ್ಲ, ಉತ್ತರ ಮಾತ್ರ ತಲೆಕೆಳಗಾಯಿತು.

ಇನ್ನು ಕೆಲವು ಸಲ ವಾಕ್ಯವೇ ಗೊತ್ತಿಲ್ಲದ ಪದವನ್ನು ಬಿಡಿಸಿ ಇಟ್ಟಿರುತ್ತದೆ. ‘ಜೋಗದಲ್ಲಿ ಶರಾವತಿ ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಕವಲಾಗಿ 253 ಮೀಟರ್ ಕೆಳಗೆ ಧುಮುಕುತ್ತದೆ.’ ಕವಲು ಅಂದರೇನು ಅಂತ ಗೊತ್ತಿಲ್ಲದ ಹುಡುಗನೂ ನಾಲ್ಕು ಹೆಸರು ಎಣಿಸಿದರೆ ಊಹಿಸಬಹುದು. ಪದದ ಒಳಗೇ ಸುಳಿವು ಇರುವುದೂ ಉಂಟು. ತುಂಗೆ ಭದ್ರೆ ಸೇರುವ ಊರಿನ ಹೆಸರು ಕೂಡಲಿ. ಹೆಸರಿನಲ್ಲೇ ‘ಕೂಡು’ ಕೂತಿದೆ, ಅಲ್ವಾ?

5. ಪದದ ಬಾಲ ನೋಡಿ

ಇದು ಅರ್ಥದ ಮಾತಲ್ಲ, ಜೋಡಣೆಯ ಮಾತು. ಪ್ರಶ್ನೆ ಬರೆದವರು ಬಿಟ್ಟ ಜಾಗದ ಮುಂದೆ ಪ್ರತ್ಯಯ ಉಳಿಸಿದ್ದರೆ ನಿಮಗೆ ಅರ್ಧ ಉತ್ತರ ಸಿಕ್ಕಿದ ಹಾಗೆ.

‘ಸಂಜೆ ಹುಡುಗರು ತುಂಗೆಯ ____ಯಲ್ಲಿ ಕೂತು ಹರಟಿದರು.’ (ದಡ, ಅಂಚು, ದಂಡೆ)

ಅರ್ಥಕ್ಕೆ ಮೂರೂ ಸರಿ. ಬಾಲ ಕೂಡಿಸಿ ನೋಡಿ: ದಡದಲ್ಲಿ, ಅಂಚಿನಲ್ಲಿ, ದಂಡೆಯಲ್ಲಿ. ‘ಯಲ್ಲಿ’ ಕೂರುವುದು ಒಂದಕ್ಕೇ. ಕ್ರಿಯಾಪದದ ಬಾಲವೂ ಹೀಗೇ. ‘ಬಂದಳು’, ‘ಬಂದವು’, ‘ಬಂದರು’ ಇದ್ದರೆ ಬಂದದ್ದು ಯಾರು ಎಂಬುದು ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

6. ಯಾವುದರ ಜೊತೆ ಯಾವುದು ಸಂಸಾರ ಮಾಡುತ್ತದೆ

ಇಂಗ್ಲಿಷ್ ಮೀಡಿಯಂ ಮಕ್ಕಳು ಎಡವುವುದು ಇಲ್ಲಿ. ಒಬ್ಬ ಹುಡುಗ ‘ಅಮ್ಮ ಪಾತ್ರೆ ಒಗೆದಳು’ ಅಂತ ಬರೆದಿದ್ದ. ನಮ್ಮಲ್ಲಿ ಒಗೆಯುವುದು ಬಟ್ಟೆ. ಪಾತ್ರೆ ತೊಳೆಯುತ್ತೇವೆ, ಹಿತ್ತಾಳೆಯದಾದರೆ ಬೆಳಗುತ್ತೇವೆ, ಕಸ ಗುಡಿಸುತ್ತೇವೆ, ನೆಲ ಒರೆಸುತ್ತೇವೆ, ಸಗಣಿ ಹಾಕಿದ ಅಂಗಳವಾದರೆ ಸಾರಿಸುತ್ತೇವೆ. ಒಂದೇ ‘ಕ್ಲೀನ್’ ಮಾಡಿ ಮುಗಿಸುವ ಪೈಕಿ ಅಲ್ಲ ಕನ್ನಡ. ಹಾಗೆಯೇ ಅಡಿಕೆ ಸುಲಿಯುವುದು, ಬತ್ತ ಬಡಿಯುವುದು, ಹೂ ಕೊಯ್ಯುವುದು, ಹಲಸಿನಹಣ್ಣು ಬಿಡಿಸುವುದು. ಇದಕ್ಕೆ ಸೂತ್ರ ಇಲ್ಲ. ಅಡುಗೆಮನೆಯಲ್ಲಿ, ಅಂಗಳದಲ್ಲಿ ಕೂತು ಕೇಳಿಸಿಕೊಂಡೇ ಬರಬೇಕು.

ಊರು ಬದಲಾದರೆ ಈ ಜೋಡಿಯೂ ಬದಲಾಗುತ್ತದೆ, ಹುಷಾರು. ಹುಬ್ಬಳ್ಳಿ ಕಡೆಯವರು ‘ಕಲ್ಲು ಒಗಿ’ ಅಂದರೆ ಬಕೆಟ್ ಹುಡುಕಬೇಡಿ. ಎಸಿ ಅಂತ ಹೇಳುತ್ತಿದ್ದಾರೆ.

ಮರ್ಯಾದೆಯ ತೂಕವೂ ಇದೇ ಲೆಕ್ಕಕ್ಕೆ ಬರುತ್ತದೆ. ಅಜ್ಜ ತೀರಿಕೊಳ್ಳುತ್ತಾರೆ, ಪೇಪರಿನಲ್ಲಿ ಗಣ್ಯರು ನಿಧನರಾಗುತ್ತಾರೆ, ಕೋಳಿ ಸಾಯುತ್ತದೆ.

7. ಬಾಯಿಬಿಟ್ಟು ಓದಿ, ಆದರೆ ಕಿವಿಯನ್ನು ಪೂರ್ತಿ ನಂಬಬೇಡಿ

ತುಂಬಿದ ಮೇಲೆ ಇಡೀ ವಾಕ್ಯ ಒಮ್ಮೆ ಓದಿ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಏನೋ ತಪ್ಪಿದೆ. ಆದರೆ ಹಾಲು–ಹಾಳು, ಬಲೆ–ಬಳೆ, ಒಲೆ–ಹೊಳೆ, ದನ–ಧನ ಇಂಥ ಜೋಡಿಗಳಲ್ಲಿ ಕಿವಿ ಮೋಸ ಮಾಡುತ್ತದೆ. ಮಾತಾಡುವಾಗ ‘ಹ’ ಬಿಟ್ಟು ‘ಆಲು’ ಅನ್ನುವವರ ಮಕ್ಕಳಿಗಂತೂ ಜಾಸ್ತಿ. ಅಲ್ಲಿ ಮತ್ತೆ ಎರಡನೇ ಹೆಜ್ಜೆಗೇ ಹೋಗಬೇಕು: ಸೋಸಿದ್ದು ಯಾವುದು?

ನಿಘಂಟು ನೋಡಬೇಡವೇ ಅಂತ ಕೇಳುತ್ತಾರೆ. ಖಂಡಿತ ನೋಡಿ, ಕೊನೆಗೆ ನೋಡಿ. 1894ರಲ್ಲಿ ಬಂದ ಕಿಟೆಲ್ ನಿಘಂಟಿನಿಂದ ಹಿಡಿದು ಇವತ್ತಿನ ಮೊಬೈಲ್ ಆ್ಯಪ್‌ವರೆಗೆ ಎಲ್ಲವೂ ಒಂದು ಪದದ ಎದುರು ನಾಲ್ಕಾರು ಅರ್ಥಗಳನ್ನು ಸಾಲಾಗಿ ನಿಲ್ಲಿಸುತ್ತವೆ. ಅದರಲ್ಲಿ ನಿಮ್ಮ ವಾಕ್ಯಕ್ಕೆ ಯಾವುದು ಅಂತ ಅವು ಹೇಳುವುದಿಲ್ಲ. ಅದನ್ನು ವಾಕ್ಯವೇ ಹೇಳಬೇಕು.

ವಾಕ್ಯವೂ ಹೇಳದಿದ್ದರೆ? ಆಗ ತಪ್ಪು ನಿಮ್ಮದಲ್ಲ. ಒಂದು ಪ್ರಶ್ನೆಪತ್ರಿಕೆಯಲ್ಲಿ ‘ಹೊಳೆಯಲ್ಲಿ ನೀರು ____’ ಅಂತ ಕೊಟ್ಟು, ಏರಿತು, ಇಳಿಯಿತು ಎರಡನ್ನೂ ಕೆಳಗೆ ಇಟ್ಟಿದ್ದರು. ಜುಲೈ ತಿಂಗಳ ಪರೀಕ್ಷೆ, ಹೊರಗೆ ಮಳೆ ಸುರಿಯುತ್ತಿತ್ತು. ಪಾಠಕ್ಕೆ ಬರುವ ಮಕ್ಕಳೆಲ್ಲ ‘ಏರಿತು’ ಅಂತ ಬರೆದು ಬಂದರು. ಉತ್ತರದ ಹಾಳೆಯಲ್ಲಿ ‘ಇಳಿಯಿತು’ ಇತ್ತು! ಇಂಥ ಪ್ರಶ್ನೆಗೆ ಒಂದು ಗುರುತು ಹಾಕಿ ಮುಂದೆ ಹೋಗಿ, ತಲೆ ಕೆಡಿಸಿಕೊಳ್ಳಬೇಡಿ.

ಈಗ ನೀವೇ ತುಂಬಿ

ಪದಗಳು: ಮಂಡಿ, ರಾಶಿ, ಚುರುಕು, ಕೊನೆ, ಸುಲಿಯಲು, ನಿಧಾನ, ಬಡಿಯಲು.

‘ಬೆಳಗ್ಗೆ ಏಳಕ್ಕೇ ಮರ ಹತ್ತಿ __(ಅ)__ ಇಳಿಸುವವರು ಬಂದರು. ಹೋದ ವಾರ ಜಾರಿ ಬಿದ್ದು __(ಆ)__ ಊದಿಸಿಕೊಂಡಿದ್ದ ಅಪ್ಪ ತೋಟಕ್ಕೆ ಇಳಿಯಲಿಲ್ಲ. ರಾತ್ರಿ ದೀಪ ಹಾಕಿಕೊಂಡು ಎಲ್ಲರೂ ಅಡಿಕೆ __(ಇ)__ ಕೂತರು. ಅಜ್ಜಿಗೆ ಕಣ್ಣು ಮಂಜು, ಆದರೂ ಅವರ ಕೈ ಎಲ್ಲರಿಗಿಂತ __(ಈ)__. ಹನ್ನೊಂದು ಗಂಟೆಯಾದರೂ ಅಂಗಳದಲ್ಲಿ ಇನ್ನೂ __(ಉ)__ ಉಳಿದಿತ್ತು.’

ಉತ್ತರ: ಕೊನೆ, ಮಂಡಿ, ಸುಲಿಯಲು, ಚುರುಕು, ರಾಶಿ.

ಕೊನೆಯ ‘ರಾಶಿ’ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅದು ‘ತುಂಬಾ’ ಅನ್ನುವ ರಾಶಿ ಅಂತ ಅಣ್ಣನ ಮಗಳು ಹೇಳುತ್ತಾಳೆ, ಗುಡ್ಡೆ ಅನ್ನುವ ರಾಶಿ ಅಂತ ಅಣ್ಣ. ಇಬ್ಬರಿಗೂ ಮಾರ್ಕ್ಸ್ ಕೊಟ್ಟಿದ್ದೇನೆ. ಮಂಡಿಯವರ ರಾಶಿ ಮಾತ್ರ ಖಂಡಿತ ಅಲ್ಲ. ಅಡಿಕೆ ಇನ್ನೂ ಸುಲಿದೇ ಮುಗಿದಿಲ್ಲ, ಹಂಡೆಯಲ್ಲಿ ಬೇಯುವುದು ನಾಳೆ.