ಮುಚ್ಚಳ ತೆಗೆದು ನೋಡದೆ ಬಿನ್ ಎತ್ತಬೇಡಿ

ಅಂಗಡಿ, ಹೋಟೆಲ್, ಆಫೀಸುಗಳ ಹಿಂದೆ ಇರುವ ದೊಡ್ಡ ಕಸದ ಬಿನ್‌ಗಳನ್ನು ಖಾಲಿ ಮಾಡುವ ತಂಡಕ್ಕೆ ನಾನು ಸೂಪರ್‌ವೈಸರ್. ಅದಕ್ಕೂ ಮುಂಚೆ ಲಾರಿಯ ಹಿಂದೆ ನಿಂತು ಬಿನ್ ತಳ್ಳಿದವನೇ. ಇವುಗಳ ಒಳಗೆ ಜನ ಮಲಗುತ್ತಾರೆ ಅಂದರೆ ಹೊರಗಿನವರು ನಂಬುವುದಿಲ್ಲ. ನಾಲ್ಕು ಚಕ್ರದ 1,100 ಲೀಟರ್ ಬಿನ್‌ನಲ್ಲಿ ಒಬ್ಬರು ಮುದುರಿಕೊಂಡು ಮಲಗಬಹುದು. ಮಳೆ, ಗಾಳಿಯ ಕಾಟವಿಲ್ಲ. ಬೀದಿ ಬದಿ ಮಲಗಿದವರನ್ನು ಸುಮ್ನೆ ಒದ್ದು ಹೋಗುವವರ ಕಣ್ಣಿಗೂ ಬೀಳುವುದಿಲ್ಲ.

ನನಗೆ ಜಾಸ್ತಿ ಭಯ ಬರೀ ರಟ್ಟು ಹಾಕುವ ಬಿನ್‌ದು. ಅದು ಒಣಗಿರುತ್ತದೆ, ಬೆಚ್ಚಗಿರುತ್ತದೆ. ಮಲಗಿದವರು ಮೈಮೇಲೂ ರಟ್ಟು ಎಳೆದುಕೊಳ್ಳುತ್ತಾರೆ. ಮೇಲಿಂದ ನೋಡಿದರೆ ಬರೀ ಪೆಟ್ಟಿಗೆಗಳು. ಮನೆ ಇಲ್ಲದವರು ಮಾತ್ರ ಅಂದುಕೊಳ್ಳಬೇಡಿ. ಕುಡಿದು ದಾರಿ ತಪ್ಪಿದವರೂ ಒಳಗೆ ಇಳಿದಿರುತ್ತಾರೆ.

ನಾವು ಹೋಗುವುದು ಅಂಗಡಿ ತೆರೆಯುವ ಮುಂಚೆ, ಇನ್ನೂ ಕತ್ತಲು ಇರುವಾಗ. ಬಿನ್ ಎತ್ತಿ ಬಗ್ಗಿಸಿದ ಮೇಲೆ ಲಾರಿಯೊಳಗೆ ಕಸ ಅದುಮುವ ಯಂತ್ರ (ಕಾಂಪ್ಯಾಕ್ಟರ್) ಒತ್ತಲು ಶುರು ಮಾಡಿದರೆ ಒಳಗಿದ್ದವರಿಗೆ ಹೊರಬರಲು ಸಮಯವೇ ಇರುವುದಿಲ್ಲ.

ಬಿನ್‌ನ ಪಕ್ಕಕ್ಕೆ ಎರಡು ಸಲ ಬಡಿದು, ‘ಯಾರಾದ್ರೂ ಇದ್ದೀರಾ’ ಎಂದು ಕೂಗಿ ಎತ್ತುವವರು ಬಹಳ ಮಂದಿ. ನನ್ನ ಪ್ರಕಾರ ಅದು ತಪಾಸಣೆಯೇ ಅಲ್ಲ. ಕುಡಿದು ಮಲಗಿದವರಿಗೆ, ಚಳಿಗೆ ಮರಗಟ್ಟಿದವರಿಗೆ, ಕಿವಿ ಕೇಳದವರಿಗೆ ಆ ಸದ್ದು ಮುಟ್ಟುವುದಿಲ್ಲ. ಮುಟ್ಟಿದರೂ, ಓಡಿಸುತ್ತಾರೆ ಅಂತ ಹೆದರಿ ಕೆಲವರು ಉಸಿರು ಬಿಗಿಹಿಡಿದು ಸುಮ್ಮನಿರುತ್ತಾರೆ. ಬಡಿಯಿರಿ, ಕೂಗಿ. ಆಮೇಲೆ ಮುಚ್ಚಳ ಪೂರ್ತಿ ತೆಗೆದು ಟಾರ್ಚ್ ಹಾಕಿ ನೋಡಿ. ಮೇಲಿನ ರಟ್ಟು ಕೈಯಿಂದ ಸರಿಸಿ, ಕೋಲಿನಿಂದ ತಿವಿಯಬೇಡಿ. ರಟ್ಟಿನ ಬಿನ್ ಎಂದಿಗಿಂತ ಭಾರ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಮುಂದಿನಿಂದ ಎತ್ತುವ ಲಾರಿಯಲ್ಲಿ ಡ್ರೈವರ್ ಒಬ್ಬನೇ ಇರುತ್ತಾನೆ, ಬಿನ್ ತಲೆಯ ಮೇಲಿಂದ ಹೋಗುತ್ತದೆ. ಅವನು ಪ್ರತಿ ಸಲ ಕೆಳಗಿಳಿಯಲೇಬೇಕು. ಕ್ಯಾಮೆರಾ ಇದೆಯಲ್ಲ ಅಂತಾರೆ. ಲಾರಿಯೊಳಗೆ ನೋಡುವ ಕ್ಯಾಮೆರಾ ತೋರಿಸುವುದು ಬಿದ್ದ ಮೇಲೆ ತಾನೇ?

ಇದಕ್ಕೆಲ್ಲ ಸಮಯ ಬೇಕು. ಪಾಳಿಗೆ ಇಷ್ಟು ಬಿನ್ ಮುಗಿಸಲೇಬೇಕು ಅಂತ ಒತ್ತಡ ಹಾಕಿ, ಜೊತೆಗೆ ಎಲ್ಲ ಬಿನ್ ನೋಡಿ ಅಂದರೆ ಯಾರು ನೋಡುತ್ತಾರೆ? ನಾನು ಮೊದಲು ಬದಲಾಯಿಸಿದ್ದು ರೂಟ್ ಪಟ್ಟಿ. ಪಾಳಿಯ ಬಿನ್ ಸಂಖ್ಯೆ ಕಡಿಮೆ ಮಾಡಿದೆ. ಮ್ಯಾನೇಜರ್ ಜೊತೆ ವಾದ ಆಯಿತು, ಅದು ಬೇರೆ ಕಥೆ.

ಅಂಗಡಿಯವರ ಕೆಲಸವೂ ಇದೆ. ಬೀಗ ಒಳ್ಳೆಯದು, ಆದರೆ ಒಳಗೆ ನೋಡಿ ಹಾಕಬೇಕು. ಇಲ್ಲದಿದ್ದರೆ ಮಲಗಿದವರನ್ನೇ ಕೂಡಿಹಾಕಿದಂತೆ. ಬಿನ್ ಇಡುವ ಜಾಗಕ್ಕೇ ಗೇಟು, ಬೀಗ ಇದ್ದರೆ ಇನ್ನೂ ಮೇಲು. ಹೊದಿಕೆ, ಬಟ್ಟೆ, ಚಪ್ಪಲಿ, ತಿಂಡಿ ಪೊಟ್ಟಣ ಕಂಡರೆ ನಮಗೆ ಫೋನ್ ಮಾಡಲು ಹೇಳಿದ್ದೇವೆ. ಅಂಥ ಬಿನ್‌ಗೆ ಹಗಲಿನ ಹೊತ್ತು ಕೊಡುತ್ತೇವೆ, ಅಥವಾ ಅದರ ಬದಲು 240 ಲೀಟರಿನ ಸಣ್ಣವನ್ನು ಇಡುತ್ತೇವೆ. ಎಚ್ಚರಿಕೆಯನ್ನು ಚಿತ್ರದಲ್ಲಿ ಅಂಟಿಸುತ್ತೇವೆ, ಎಲ್ಲರಿಗೂ ಓದಲು ಬರಬೇಕಲ್ಲ.

ಯಾರಾದರೂ ಸಿಕ್ಕರೆ ಎಂಜಿನ್ ಆಫ್. ಬಿನ್ ಅಲುಗಾಡಿಸಬಾರದು, ಕೈಹಿಡಿದು ಎಳೆಯಬಾರದು, ಗದರಬಾರದು. ಎರಡು ಹೆಜ್ಜೆ ಹಿಂದೆ ಸರಿದು ಅವರೇ ಇಳಿಯಲು ಬಿಡಬೇಕು. ಮಾತಾಡದಿದ್ದರೆ ಆಂಬುಲೆನ್ಸ್ ಕರೆಯಬೇಕು. ಬಿನ್ ಬಗ್ಗಿಸಿದ ಮೇಲೆ ಕೂಗು ಕೇಳಿದರೆ ತುರ್ತು ಸ್ಟಾಪ್ ಒತ್ತಿ ಅಗ್ನಿಶಾಮಕ ದಳವನ್ನು ಕರೆಯಿರಿ. ಕಸ ಅದುಮುವ ಬ್ಲೇಡನ್ನು ನೀವೇ ಹಿಂದಕ್ಕೆ ಮುಂದಕ್ಕೆ ಓಡಿಸಲು ಹೋಗಬೇಡಿ.

ಎದ್ದು ಹೋದವರು ಪಕ್ಕದ ಬೀದಿಯ ಬಿನ್ ಹುಡುಕುತ್ತಾರೆ. ಹಾಗಾಗಿ ರಾತ್ರಿ ತಂಗುದಾಣದ ನಂಬರ್ ಇರುವ ಚೀಟಿ ಪ್ರತಿ ಲಾರಿಯಲ್ಲೂ ಇಟ್ಟಿದ್ದೇವೆ. ಆ ಬೀದಿಗೆ ಬರುವ ಬೇರೆ ಕಂಪನಿಯ ಲಾರಿಯವರಿಗೂ ಅವತ್ತೇ ತಿಳಿಸುತ್ತೇವೆ. ಬಿನ್‌ನಲ್ಲಿ ಜನ ಕಂಡರೆ ಬರೆದಿಡಲು ಒಂದು ಪುಸ್ತಕವಿದೆ. ಬರೆದವರನ್ನು ತಡವಾಯಿತೆಂದು ಯಾರೂ ಬೈಯುವಂತಿಲ್ಲ. ಈ ಮಾತು ಗಟ್ಟಿಯಾದ ಮೇಲೆಯೇ ಹುಡುಗರು ನಿಜವಾಗಿ ಬರೆಯಲು ಶುರು ಮಾಡಿದರು.