ಮನೆ ಕೊಳ್ಳುವಾಗ ತಪಾಸಣೆಯ ಶುಲ್ಕ ಯಾರು ಕೊಡಬೇಕು?

ಕೊಳ್ಳಲಿರುವ ಮನೆಯನ್ನು ತಜ್ಞರಿಂದ ತಪಾಸಣೆ ಮಾಡಿಸಿದರೆ ಅದರ ಶುಲ್ಕವನ್ನು ಸಾಮಾನ್ಯವಾಗಿ ಕೊಳ್ಳುವವರೇ ಭರಿಸುತ್ತಾರೆ. ಇದನ್ನು ಮಾರುವವರ ತಲೆಗೆ ಕಟ್ಟಲು ಹಲವರು ಪ್ರಯತ್ನಿಸುವುದುಂಟು. ಆದರೆ ತಪಾಸಕರು ಯಾರಿಂದ ಹಣ ಪಡೆಯುತ್ತಾರೋ ಅವರಿಗೇ ಉತ್ತರದಾಯಿಗಳಾಗಿರುತ್ತಾರೆ, ವರದಿಯೂ ಅವರ ಹೆಸರಿಗೇ ಸಿದ್ಧವಾಗುತ್ತದೆ. ದೋಷಗಳು ಹೊರಬೀಳದಿದ್ದರೆ ಲಾಭ ಪಡೆಯುವವರಿಂದಲೇ ಹಣ ಕೊಡಿಸಿ, ದೋಷಗಳ ಪಟ್ಟಿಯನ್ನು ನಿರೀಕ್ಷಿಸುವುದು ಅಷ್ಟೇನೂ ಜಾಣತನವಲ್ಲ.

ಮೊದಲ ಕೆಲಸ ಕರಾರುಪತ್ರಕ್ಕೆ ಸಂಬಂಧಿಸಿದ್ದು. ಸಹಿ ಹಾಕುವ ಮುನ್ನ ಅದರಲ್ಲಿ ತಪಾಸಣೆಯ ಷರತ್ತೊಂದನ್ನು ಸೇರಿಸಬೇಕು: ಇಂತಿಷ್ಟು ದಿನಗಳೊಳಗೆ ಮನೆಯನ್ನು ತಪಾಸಣೆ ಮಾಡಿಸುವ ಹಕ್ಕು ಕೊಳ್ಳುವವರಿಗಿದೆ, ಗಂಭೀರ ದೋಷ ಕಂಡುಬಂದರೆ ದುರಸ್ತಿ ಕೇಳಲು, ಬೆಲೆಯನ್ನು ಮರುಚರ್ಚಿಸಲು ಅಥವಾ ಮುಂಗಡವನ್ನು ಹಿಂಪಡೆದು ವ್ಯವಹಾರದಿಂದ ಹೊರಬರಲು ಅವಕಾಶವಿದೆ ಎಂದು ಅದು ಸ್ಪಷ್ಟವಾಗಿ ಹೇಳಬೇಕು. ಈ ಷರತ್ತಿಲ್ಲದೆ ಮಾಡಿಸಿದ ತಪಾಸಣೆಯಿಂದ ಮನೆಯ ಸ್ಥಿತಿ ತಿಳಿಯಬಹುದೇ ಹೊರತು, ತಿಳಿದದ್ದರಿಂದ ಏನಾದರೂ ಮಾಡಲು ದಾರಿ ಇರುವುದಿಲ್ಲ. ತಪಾಸಣೆಯ ದಿನ ವಿದ್ಯುತ್, ನೀರು ಮತ್ತು ಅನಿಲದ ಸಂಪರ್ಕಗಳು ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳುವ ಹೊಣೆ ಮಾರುವವರದೆಂದೂ ಅಲ್ಲಿಯೇ ಬರೆಯಿಸಿಕೊಳ್ಳಿ. ಸಂಪರ್ಕವಿಲ್ಲದ ಕಾರಣ ತಪಾಸಕರು ಎರಡನೆಯ ಬಾರಿ ಬರಬೇಕಾದರೆ ಆ ಶುಲ್ಕದ ವಿಷಯದಲ್ಲಿ ಜಗಳ ಹುಟ್ಟುವುದು ಬಹುತೇಕ ಖಚಿತ.

ನಂತರ ತಪಾಸಕರ ಆಯ್ಕೆ. ದಲ್ಲಾಳಿ ಹೆಸರೊಂದನ್ನು ಸೂಚಿಸಿದರೆ ಅದನ್ನು ಕೇಳಿಸಿಕೊಳ್ಳಬಹುದು, ಆದರೆ ವ್ಯವಹಾರ ಕುದುರಿದರೆ ಮಾತ್ರ ಕಮಿಷನ್ ದೊರೆಯುವ ವ್ಯಕ್ತಿಯ ಶಿಫಾರಸು ಅದೆಂಬುದನ್ನು ಮರೆಯಬಾರದು. ದೋಷ ಹುಡುಕಿ ಅದರ ದುರಸ್ತಿಯನ್ನೂ ತಾವೇ ವಹಿಸಿಕೊಳ್ಳುತ್ತೇವೆ ಎನ್ನುವವರನ್ನು ದೂರವಿಡುವುದು ಲೇಸು. ಶುಲ್ಕವು ಮನೆಯ ವಿಸ್ತೀರ್ಣ, ವಯಸ್ಸು ಮತ್ತು ರಚನೆಯನ್ನು ಅವಲಂಬಿಸಿರುತ್ತದೆ. ಗೆದ್ದಲಿನ ಪರೀಕ್ಷೆ, ಕ್ಯಾಮೆರಾ ಇಳಿಸಿ ಒಳಚರಂಡಿ ನೋಡುವುದು, ಆಸ್‌ಬೆಸ್ಟಾಸ್ ಮತ್ತು ರೇಡಾನ್ (ನೆಲದಿಂದ ಹೊಮ್ಮುವ ವಿಕಿರಣಶೀಲ ಅನಿಲ) ಪರೀಕ್ಷೆಗಳು ಸಾಮಾನ್ಯ ತಪಾಸಣೆಯಲ್ಲಿ ಒಳಗೊಂಡಿರುವುದಿಲ್ಲ. ಅವುಗಳಿಗೆ ಬೇರೆ ಶುಲ್ಕ. ಏನೇನು ಸೇರಿದೆ ಎಂಬುದನ್ನು ಮೊದಲೇ ಲಿಖಿತವಾಗಿ ಪಡೆಯಿರಿ, ಹಿಂದಿನ ವರದಿಯೊಂದರ ಮಾದರಿಯನ್ನೂ ಕೇಳಿ ನೋಡಿ.

ಹಣವನ್ನು ತಪಾಸಣೆಯ ದಿನವೇ ಅಥವಾ ವರದಿ ಕೈಸೇರುವ ಮೊದಲು ನೇರವಾಗಿ ತಪಾಸಕರಿಗೆ ಪಾವತಿಸುವುದು ರೂಢಿ. ವ್ಯವಹಾರ ಮುರಿದುಬಿದ್ದರೂ ಈ ಹಣ ಹಿಂದಿರುಗುವುದಿಲ್ಲ. ನೋಂದಣಿಯ ಹೊತ್ತಿಗೆ ಇತರ ಖರ್ಚುಗಳ ಜೊತೆಗೆ ಕೊಟ್ಟರಾಯಿತು ಎಂಬ ಸೌಲಭ್ಯ ಕೆಲವೆಡೆ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಒಪ್ಪಿಕೊಳ್ಳದಿರುವುದೇ ಮೇಲು, ಏಕೆಂದರೆ ಆಗ ಮಾರಾಟ ನಡೆದರೆ ಮಾತ್ರ ತಪಾಸಕರಿಗೂ ಸುಲಭವಾಗಿ ಹಣ ಸಿಗುವಂತಾಗುತ್ತದೆ. ಸಾಲ ಕೊಡುವ ಬ್ಯಾಂಕು ನಡೆಸುವ ಮೌಲ್ಯಮಾಪನದ ಶುಲ್ಕವನ್ನೂ ಸಾಮಾನ್ಯವಾಗಿ ಸಾಲಗಾರರೇ ಕೊಡುತ್ತಾರಾದರೂ, ಅದು ಆಸ್ತಿಯ ಬೆಲೆ ಸಾಲಕ್ಕೆ ಸಾಕೇ ಎಂದು ಬ್ಯಾಂಕು ತನಗಾಗಿ ನೋಡಿಕೊಳ್ಳುವ ಕ್ರಮ. ಅದನ್ನೇ ತಪಾಸಣೆಯೆಂದು ಭಾವಿಸಿ ಸುಮ್ಮನಾಗುವವರು ಕಡಿಮೆಯೇನಿಲ್ಲ.

ತಪಾಸಣೆಯ ದಿನ ಜೊತೆಗಿರಿ; ಕೊಟ್ಟ ಹಣದ ಅರ್ಧ ಬೆಲೆ ಅಲ್ಲಿಯೇ ದಕ್ಕುತ್ತದೆ. ಮಲಗುವ ಕೋಣೆಯ ಚಾವಣಿಯ ಒಂದು ಮೂಲೆಗೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರೆ ತಪಾಸಕರು ಅಲ್ಲಿ ನಿಲ್ಲುತ್ತಾರೆ. ತೇವಮಾಪಕದ ಎರಡು ಮೊನೆಗಳನ್ನು ಅಲ್ಲಿ ಒತ್ತಿ ಅಂಕಿಯನ್ನು ಗುರುತಿಸಿಕೊಂಡು, ಒಂದು ಮಾರು ದೂರದ ಒಣ ಜಾಗದಲ್ಲಿ ಮತ್ತೊಮ್ಮೆ ಒತ್ತಿ ಹೋಲಿಸುತ್ತಾರೆ. ವ್ಯತ್ಯಾಸ ದೊಡ್ಡದಿದ್ದರೆ ಆ ಮೂಲೆಯ ಮೇಲೆ ಸ್ನಾನದ ಮನೆಯಿದೆಯೇ, ಪೈಪು ಹಾದುಹೋಗಿದೆಯೇ ಎಂದು ಹುಡುಕುವುದು ಮುಂದಿನ ಹೆಜ್ಜೆ. ಈ ಎರಡು ನಿಮಿಷಗಳ ಕೆಲಸ ವರದಿಯಲ್ಲಿ ಒಂದೇ ಸಾಲಾಗಿ ಬರುತ್ತದೆ, ಎದುರಿಗಿದ್ದು ಕಂಡವರಿಗೆ ಮಾತ್ರ ಅದರ ತೂಕ ತಿಳಿಯುತ್ತದೆ. ಆದರೆ ಸಾಮಾನ್ಯ ತಪಾಸಣೆ ಕಣ್ಣಿಗೆ ಕಾಣುವುದಕ್ಕೆ ಸೀಮಿತ. ಗೋಡೆ ಒಡೆದು ನೋಡುವುದಾಗಲಿ, ನೆಲ ಕೀಳುವುದಾಗಲಿ ಅದರ ವ್ಯಾಪ್ತಿಗೆ ಬರುವುದಿಲ್ಲ.

ಎಲ್ಲೆಡೆಯೂ ಕೊಳ್ಳುವವರೇ ಹಣ ಕೊಡುತ್ತಾರೆಂದಲ್ಲ. ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರ್‌ನಿಂದ, ಹೊಸ ಕಟ್ಟಡಗಳಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮನೆಯನ್ನು ಮಾರಾಟಕ್ಕಿಡುವವರೇ ‘ಹೋಮ್ ರಿಪೋರ್ಟ್’ ಸಿದ್ಧಪಡಿಸಿಡಬೇಕು. ಅದರೊಳಗಿರುವ, ತಜ್ಞರು ಮನೆಯ ಸ್ಥಿತಿಯನ್ನು ಪರಿಶೀಲಿಸಿ ಬರೆದ ಸರ್ವೆಯನ್ನು ಕೊಳ್ಳುವವರೂ ಅವಲಂಬಿಸಬಹುದಾದ್ದರಿಂದ ಅಲ್ಲಿ ಹಣ ಯಾರದೆಂಬುದು ಅಷ್ಟು ಮುಖ್ಯವಾಗುವುದಿಲ್ಲ. ಫ್ರಾನ್ಸಿನಲ್ಲಿ ಆಸ್‌ಬೆಸ್ಟಾಸ್, ಸೀಸ, ಗೆದ್ದಲು ಮುಂತಾದ ನಿಗದಿತ ಪರೀಕ್ಷೆಗಳನ್ನು ಅನ್ವಯವಾಗುವ ಮನೆಗಳಿಗೆ ಮಾರುವವರೇ ಮಾಡಿಸಬೇಕು. ಆಸ್ಟ್ರೇಲಿಯಾದ ರಾಜಧಾನಿ ಪ್ರಾಂತ್ಯದ್ದು ಕೊಳ್ಳುವವರು ಕೊಡುವ ಪದ್ಧತಿಗೂ ಮಾರುವವರು ಕೊಡುವ ಪದ್ಧತಿಗೂ ನಡುವಿನ ದಾರಿ: ಮಾರುವವರು ವರದಿ ಮಾಡಿಸುತ್ತಾರೆ, ಕೊಂಡವರು ಕೊನೆಗೆ ಆ ವೆಚ್ಚವನ್ನು ತುಂಬಿಕೊಡುತ್ತಾರೆ. ಇಂತಹ ಕಾನೂನಿಲ್ಲದ ಕಡೆ ಮಾರುವವರು ತಾವಾಗಿಯೇ ವರದಿ ತೋರಿಸಿದರೆ, ಅದನ್ನು ಓದಿ, ಅದರಲ್ಲಿ ಕಂಡ ಪ್ರಶ್ನೆಗಳನ್ನು ನಿಮ್ಮ ತಪಾಸಕರ ಮುಂದಿಡಿ.

ವರದಿ ಬಂದ ಮೇಲೆ ಸಣ್ಣಪುಟ್ಟ ದೋಷಗಳನ್ನು ಬದಿಗಿಟ್ಟು ಅಡಿಪಾಯ, ಚಾವಣಿ, ವಿದ್ಯುತ್ ಮತ್ತು ನೀರಿನ ವ್ಯವಸ್ಥೆಗೆ ಸಂಬಂಧಿಸಿದವುಗಳನ್ನು ಮಾತ್ರ ಚರ್ಚೆಗೆ ತನ್ನಿ. ತಪಾಸಣೆಯ ಶುಲ್ಕವನ್ನು ವಾಪಸು ಕೇಳುವುದಕ್ಕಿಂತ ದುರಸ್ತಿಯ ಅಂದಾಜು ವೆಚ್ಚವನ್ನು ಬೆಲೆಯಲ್ಲಿ ಕಳೆಯುವಂತೆ ಕೇಳುವುದು ಹೆಚ್ಚು ಫಲಕಾರಿ. ಮಾರುವವರೇ ದುರಸ್ತಿ ಮಾಡಿಸಿಕೊಡುವುದಾಗಿ ಒಪ್ಪಿದರೆ ಅದನ್ನು ಪರಿಶೀಲಿಸಲು ತಪಾಸಕರು ಮತ್ತೆ ಬರಬೇಕಾಗುತ್ತದೆ. ಬೇರೆ ಒಪ್ಪಂದವಿಲ್ಲದಿದ್ದರೆ ಆ ಮರುಭೇಟಿಯ ಶುಲ್ಕವೂ ಸಾಮಾನ್ಯವಾಗಿ ಕೊಳ್ಳುವವರ ಪಾಲಿಗೇ ಬರುತ್ತದೆ. ಆದ್ದರಿಂದ ದುರಸ್ತಿಯ ಒಪ್ಪಿಗೆಯನ್ನು ಬರಹಕ್ಕಿಳಿಸುವಾಗ ಮರುಭೇಟಿಯ ಹಣ ಯಾರದು, ಕೆಲಸ ಸರಿಯಾಗದೆ ಮೂರನೆಯ ಭೇಟಿ ಬೇಕಾದರೆ ಅದರ ಹಣ ಯಾರದು ಎಂಬ ಎರಡು ಸಾಲುಗಳನ್ನೂ ಸೇರಿಸಿಕೊಳ್ಳಿ.