52 ಸೆಕೆಂಡು ಮೈಕ್ ಕೆಳಗಿಡಿ: ಟೂರ್ನಿಯಲ್ಲಿ ರಾಷ್ಟ್ರಗೀತೆ ಹಾಕುವ ಮೈಕ್‌ಸೆಟ್‌ನವರಿಗೆ

ರಾಷ್ಟ್ರಗೀತೆಯನ್ನು ಯೂಟ್ಯೂಬಿನಿಂದ ಹಾಕಬೇಡಿ. ಮಿಕ್ಕಿದ್ದೆಲ್ಲ ಆಮೇಲೆ. ಮದ್ದೂರು ಕಡೆಯ ಒಂದು ಊರಲ್ಲಿ ಕಬಡ್ಡಿ ಫೈನಲ್. ಜನ ಎದ್ದು, ಹೆಗಲ ಟವೆಲ್ ಇಳಿಸಿ, ಕೈ ನೇರ ಮಾಡಿ ನಿಂತಿದ್ದಾರೆ. ನನ್ನ ನಾಲ್ಕು ಹಾರ್ನ್‌ನಿಂದ ಹೊರಟದ್ದು ಬನಿಯನ್ ಜಾಹೀರಾತು. "ಇರ್ರಣ್ಣ, ಐದು ಸೆಕೆಂಡಿಗೆ ಹೋಯ್ತದೆ" ಅಂತ ನಾನು ಮೈಕಿನಲ್ಲಿ ಅಂದದ್ದನ್ನು ಆ ಊರಿನವರು ಇವತ್ತಿಗೂ ಸಂತೆಯಲ್ಲಿ ಸಿಕ್ಕಾಗ ನನಗೇ ಹೇಳಿ ನಗುತ್ತಾರೆ.

ಪೆನ್‌ಡ್ರೈವ್ ಇಟ್ಟುಕೊಳ್ಳಿ, ಎರಡು. ಅದರಲ್ಲಿ ಬೇರೆ ಹಾಡು ಬೇಡ. ಪೂರ್ತಿ ರಾಷ್ಟ್ರಗೀತೆಗೆ ಸರ್ಕಾರ ಹೇಳಿರುವ ಅವಧಿ ಸುಮಾರು 52 ಸೆಕೆಂಡು. ಮೊದಲ ಮತ್ತು ಕೊನೆಯ ಸಾಲಿನ ಚುಟುಕು ರೂಪವೊಂದಿದೆ, ಸುಮಾರು 20 ಸೆಕೆಂಡಿನದು. ಅದು ನಮ್ಮಂಥ ಕಡೆಗಲ್ಲ. ಸಿಕ್ಕ ಫೈಲನ್ನು ಮನೆಯಲ್ಲೇ ಗಡಿಯಾರ ಹಿಡಿದು ಕೇಳಿ. ಕೊಳಲು, ವಯಲಿನ್ ಸೇರಿಸಿ ಎರಡು ನಿಮಿಷ ಎಳೆದಿರುವುದು ತುಂಬ ಓಡಾಡುತ್ತಿದೆ. ಅದನ್ನು ಹಾಕಿದರೆ ಜನ ಒಂದು 'ಜಯ ಹೇ'ಗೇ ಚಪ್ಪಾಳೆ ಹೊಡೆದು ಕೂತುಬಿಡುತ್ತಾರೆ, ಹಾಡು ಮಾತ್ರ ಮುಂದುವರಿಯುತ್ತಿರುತ್ತದೆ. ಮೊಬೈಲಿನಿಂದಲೇ ಹಾಕುವ ಗತಿ ಬಂದರೆ ಫ್ಲೈಟ್ ಮೋಡ್‌ಗೆ ಹಾಕಿ. 'ದ್ರಾವಿಡ ಉತ್ಕಲ' ಅನ್ನುವಾಗ ಬ್ಲೂಟೂತಿನಲ್ಲಿ ಹೆಂಡತಿಯ ಫೋನ್ ಬಂದ ಅನುಭವ ನನ್ನದಲ್ಲ, ಪಕ್ಕದೂರಿನವನದು.

ಬ್ಯಾಂಡ್ ನುಡಿಸುವಾಗ ರಾಷ್ಟ್ರಗೀತೆಗೆ ಮೊದಲು ಡ್ರಮ್ ಬಾರಿಸುತ್ತಾರಲ್ಲ, ಅದು ನಿಧಾನ ನಡಿಗೆಯ ಏಳು ಹೆಜ್ಜೆಯಷ್ಟು ಹೊತ್ತು ಇರಬೇಕು ಅಂತ ನಿಯಮ. ಜನಕ್ಕೆ ಎಚ್ಚರ ಕೊಡುವುದಕ್ಕೆ. ನಮ್ಮಲ್ಲಿ ಡ್ರಮ್ ಇಲ್ಲ. "ಎಲ್ಲರೂ ದಯಮಾಡಿ ಎದ್ದು ನಿಲ್ಲಬೇಕು" ಅಂತ ಒಂದೇ ಸಲ ಹೇಳಿ, ಮನಸ್ಸಿನಲ್ಲೇ ಏಳು ಎಣಿಸಿ, ಪ್ಲೇ ಒತ್ತಿ. ಆ ಏಳರೊಳಗೆ ಕಡಲೆಕಾಯಿ ಮಾರುವವನೂ ತಕ್ಕಡಿ ಕೆಳಗಿಡುತ್ತಾನೆ. ನಾಡಗೀತೆ ಮೊದಲು, ರಾಷ್ಟ್ರಗೀತೆ ಕೊನೆಗೆ ಅನ್ನುವುದು ನಮ್ಮ ಸಭೆಗಳ ರೂಢಿ. ನಾಡಗೀತೆಗೂ 2022ರಲ್ಲಿ ಸರ್ಕಾರ ಎರಡೂವರೆ ನಿಮಿಷ ಅಂತ ಗೊತ್ತು ಮಾಡಿ, ನಮ್ಮ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿದೆ. ಎರಡನ್ನೂ ಒಟ್ಟಿಗೇ ಹಾಕಿದರೆ ಆಟಗಾರರ ಮೈ ತಣ್ಣಗಾಗುತ್ತದೆ, ವಾರ್ಮ್ ಅಪ್ ಎಲ್ಲ ದಂಡ. ನಾಡಗೀತೆ ಉದ್ಘಾಟನೆಗೆ ಇರಲಿ, ರಾಷ್ಟ್ರಗೀತೆ ಫೈನಲ್ಲಿಗೆ.

ಮಧ್ಯದಲ್ಲಿ ಕರೆಂಟ್ ಹೋದರೆ ಮೊದಲಿಂದ ಹಾಕಬೇಡಿ. ನೀವೇ ಗಟ್ಟಿಯಾಗಿ ಹಾಡಿ, ಜನ ಹಿಡಿದುಕೊಳ್ಳುತ್ತಾರೆ. ಮುಗಿದ ಮೇಲೆ ಅತಿಥಿಗಳ ಕಾರು ಬಂತು, ಇನ್ನೊಂದ್ಸಲ ಹಾಕಿ ಅಂದರೆ "ಪೆನ್‌ಡ್ರೈವ್ ಕೈ ಕೊಡ್ತು ಸಾ" ಅನ್ನಿ. ಇಂಥ ಸುಳ್ಳಿಗೆ ಪಾಪ ಇಲ್ಲ.

ಇನ್ನು ದುಡ್ಡಿನ ಕಡೆಯ ಮಾತು. ಒಂದು ಸಲ ಚೀಟಿ ವ್ಯವಹಾರದವರೊಬ್ಬರು "ಈ ರಾಷ್ಟ್ರಗೀತೆಯ ಪ್ರಾಯೋಜಕರು" ಅಂತ ತಮ್ಮ ಹೆಸರು ಕೂಗಿಸುವುದಕ್ಕೆ 2 ಸಾವಿರ ಕೊಡಲು ಬಂದರು. ಆಗಲ್ಲ ಅಂದೆ. ಹಳ್ಳಿಯವರ ಪೆದ್ದುತನ ಅಂತ ನಗಬೇಡಿ. ಅಮೆರಿಕದಲ್ಲಿ 2015ರಲ್ಲಿ ಮೆಕೇನ್, ಫ್ಲೇಕ್ ಅನ್ನುವ ಇಬ್ಬರು ಸೆನೆಟರ್‌ಗಳು ಲೆಕ್ಕ ತೆಗೆದರು: ಮೈದಾನದಲ್ಲಿ ಬಾವುಟ ಬಿಚ್ಚುವುದು, ಯೋಧರನ್ನು ಸನ್ಮಾನಿಸುವುದು ಇಂಥವಕ್ಕೆ ಅಲ್ಲಿನ ರಕ್ಷಣಾ ಇಲಾಖೆ ವೃತ್ತಿಪರ ತಂಡಗಳಿಗೆ ನಾಲ್ಕು ವರ್ಷದಲ್ಲಿ 68 ಲಕ್ಷ ಡಾಲರ್ ಕೊಟ್ಟಿತ್ತು. ಟಿ.ವಿ. ಮುಂದೆ ಕೂತು ಕಣ್ಣೀರು ಹಾಕಿದವರು ಅದು ತಂಡದವರ ಪ್ರೀತಿ ಅಂದುಕೊಂಡಿದ್ದರು. ಅಲ್ಲಿನ ಫುಟ್‌ಬಾಲ್ ಲೀಗಿನಲ್ಲಿ, ರಾತ್ರಿಯ ದೊಡ್ಡ ಟಿ.ವಿ. ಪಂದ್ಯಗಳಿಗೆ, 2009ರವರೆಗೆ ಆಟಗಾರರು ರಾಷ್ಟ್ರಗೀತೆಯ ಹೊತ್ತಿಗೆ ಹೊರಗೆ ಬಂದು ಸಾಲು ನಿಲ್ಲುವ ರೂಢಿಯೇ ಇರಲಿಲ್ಲವಂತೆ. ಆಮೇಲೆ ನಿಲ್ಲಿಸಿದರು, ಕ್ಯಾಮೆರಾ ತಿರುಗಿಸಿದರು. ತಿರುಗಿಸಿದ ಮೇಲೆ ಕೂತವನೂ ಕಾಣಲೇಬೇಕಲ್ಲ.

ಈ ಬರಹಕ್ಕೆ ಕಾರಣವೂ ಹಾಗೆ ಕೂತವರೇ. ಆರೇಳು ವರ್ಷದ ಹಿಂದೆ ಪಾಂಡವಪುರ ತಾಲ್ಲೂಕಿನ ಒಂದು ಊರಿನಲ್ಲಿ ಸಂಕ್ರಾಂತಿ ಟೂರ್ನಿ. ಹಿಂದಿನ ವರ್ಷ ಗೆದ್ದ ಹುಡುಗರೇ ಮತ್ತೆ ಫೈನಲ್ಲಿಗೆ ಬಂದಿದ್ದರು. ನಾನು ಪ್ಲೇ ಒತ್ತಿದೆ. ಏಳು ಜನರೂ ಮ್ಯಾಟ್ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ನನಗೆ ರಕ್ತ ಕುದಿಯಿತು. ಮೈಕ್ ಕೈಯಲ್ಲೇ ಇತ್ತು. 'ಪಂಜಾಬ ಸಿಂಧು' ಅನ್ನುವಷ್ಟರಲ್ಲಿ "ಏಯ್, ಏಳ್ರಲಾ ಮೇಲೆ! ದೇಶಕ್ಕೆ ಮರ್ಯಾದೆ ಕೊಡಾಕಾಗಲ್ವೇನ್ರಲಾ?" ಅಂತ ಕೂಗಿದೆ. ನನ್ನ ಹಾರ್ನು, ನನ್ನ ದನಿ. ಹಾಡು ಯಾರಿಗೂ ಕೇಳಿಸಲಿಲ್ಲ. ಜನ ಕೂಗಿದರು, ಒಂದು ಕುರ್ಚಿ ಹಾರಿತು. 'ಜಯ ಹೇ' ಬರುವ ಹೊತ್ತಿಗೆ ಯಾರೊಬ್ಬರೂ ಹಾಡುತ್ತಿರಲಿಲ್ಲ, ಅರ್ಧಕ್ಕರ್ಧ ಜನ ಮ್ಯಾಟ್ ಮೇಲಿದ್ದರು.

ಆಮೇಲೆ ತಿಳಿದದ್ದು: ಹಿಂದಿನ ವರ್ಷ ಅವರ ಕೈಗೆ 30 ಸಾವಿರದ ಥರ್ಮೋಕೋಲ್ ಚೆಕ್ ಕೊಟ್ಟು ಫೋಟೋ ತೆಗೆಸಿದ್ದರು. ಬಾಗಿಲಷ್ಟು ದೊಡ್ಡ ಚೆಕ್. ನಿಜವಾದ ದುಡ್ಡು ಕೊಟ್ಟಿರಲಿಲ್ಲ. ಒಂದು ವರ್ಷ ಅಲೆದು ಸಾಕಾಗಿ, ಲೈವ್ ಕ್ಯಾಮೆರಾ ತಮ್ಮ ಮೇಲಿರುವುದು ಆ 52 ಸೆಕೆಂಡು ಮಾತ್ರ ಅಂತ ಲೆಕ್ಕ ಹಾಕಿ ಕೂತಿದ್ದರು. ಅವತ್ತು ರಾತ್ರಿ ವಾಟ್ಸಾಪಿನಲ್ಲಿ ಓಡಿದ ತುಣುಕಿನಲ್ಲಿ ಚೆಕ್ಕಿನ ಮಾತಿಲ್ಲ. ಕೂತ ಹುಡುಗರು, ನನ್ನ ಕೂಗು, ಅಷ್ಟೇ. ಅವರಲ್ಲೊಬ್ಬ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆ ಬರೆದಿದ್ದ. ಕೇಸಾದರೆ ಕೆಲಸ ಹೋಯಿತು ಅಂತ ಅವರವ್ವ ಬೆಳಗಿನ ಜಾವ ನಮ್ಮನೆ ಜಗಲಿ ಮೇಲೆ ಬಂದು ಕೂತರು. ಕಾಫಿ ಕೊಟ್ಟರೆ ಮುಟ್ಟಲಿಲ್ಲ.

ಮಂಡ್ಯ ಕೋರ್ಟಿನಲ್ಲಿ ಪರಿಚಯದ ವಕೀಲರೊಬ್ಬರಿದ್ದಾರೆ. ಅವರ ಹತ್ತಿರ ಹೋದೆ. ರಾಷ್ಟ್ರಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆ ತೆಗೆದು ಓದಿದರು. ರಾಷ್ಟ್ರಗೀತೆ ಹಾಡುವುದನ್ನು ಬೇಕೆಂದೇ ತಡೆದರೆ, ಇಲ್ಲವೇ ಹಾಡುತ್ತಿರುವ ಸಭೆಗೆ ಅಡ್ಡಿ ಮಾಡಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಓದಿ ಕನ್ನಡಕ ತೆಗೆದು ಕೇಳಿದರು: "ಸಭೆಗೆ ಅಡ್ಡಿ ಮಾಡ್ದೋರು ಯಾರಯ್ಯಾ? ಬಾಯಿ ಮುಚ್ಕೊಂಡು ಕೂತಿದ್ದ ಹುಡುಗ್ರೋ, ಹಾರ್ನ್ ಹಾಕ್ಕೊಂಡು ಕೂಗಿದ ನೀನೋ?"

ಉತ್ತರ ಹೇಳದೆ ಎದ್ದು ಬಂದೆ. ಎದ್ದು ನಿಲ್ಲಬೇಕು ಅಂತ ಗೃಹ ಇಲಾಖೆಯ ಸೂಚನೆ ಇದೆ, ಅದು ನಿಜ. ಆ ಹುಡುಗರು ಎದ್ದು ನಿಲ್ಲಬೇಕಿತ್ತು ಅಂತಲೇ ನನಗೆ ಈಗಲೂ ಅನಿಸುವುದು. ಆದರೆ ಎಬ್ಬಿಸುವ ಕೆಲಸವನ್ನು ನನಗೆ ಯಾರೂ ಬಾಡಿಗೆಗೆ ಕೊಟ್ಟಿರಲಿಲ್ಲ. ಕೇರಳದಲ್ಲಿ ಮೂವರು ಮಕ್ಕಳು ತಮ್ಮ ಧರ್ಮದ ಕಾರಣಕ್ಕೆ ಹಾಡದೆ, ಸುಮ್ಮನೆ ಎದ್ದು ನಿಲ್ಲುತ್ತಿದ್ದರು. ಶಾಲೆಯಿಂದ ಹೊರಗೆ ಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು, ಬಿಜೋ ಇಮ್ಯಾನುಯೆಲ್ ಪ್ರಕರಣ ಅಂತ ಹೆಸರಾದ ತೀರ್ಪಿನಲ್ಲಿ, ಆ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಅದು ಹಾಡದವರ ವಿಷಯ, ಕೂತವರದಲ್ಲ, ಎರಡನ್ನೂ ಕಲಸಬೇಡಿ. ಆದರೆ ಸಾಲಿನಲ್ಲಿ ತುಟಿ ಅಲ್ಲಾಡಿಸದವನನ್ನು ಗದರುವವರು ಇದನ್ನು ತಿಳಿದಿರಬೇಕು. ಸಿನಿಮಾ ಮಂದಿರಗಳಲ್ಲಿ ಕಡ್ಡಾಯ ಅಂತ 2016ರಲ್ಲಿ ಹೇಳಿದ ಕೋರ್ಟೇ 2018ರ ಜನವರಿಯಲ್ಲಿ ಕಡ್ಡಾಯವಲ್ಲ ಅಂದಿತು. ಅದರ ನಡುವೆ ವೀಲ್‌ಚೇರಿನವರು, ಪಾರ್ಕಿನ್‌ಸನ್ ಇರುವವರು ಎದ್ದು ನಿಲ್ಲಬೇಕಿಲ್ಲ ಅಂತಲೂ ಹೇಳಿತ್ತು. ಕತ್ತಲಲ್ಲಿ ಗ್ಯಾಲರಿಯ ಹತ್ತನೇ ಸಾಲಿನಲ್ಲಿ ಕೂತವನ ಮೊಣಕಾಲು ನಿಮಗೆ ಕಾಣುತ್ತದೆಯೇ?

ಆಮೇಲಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಫೈನಲ್ಲಿಗೆ ಅರ್ಧ ಗಂಟೆ ಮುಂಚೆ ಎರಡೂ ಕ್ಯಾಪ್ಟನ್‌ಗಳನ್ನು ಆಂಪ್ಲಿಫೈಯರ್ ಹತ್ತಿರ ಕರೆದು ಟೀ ಕೊಡಿಸಿ ಕೇಳುತ್ತೇನೆ: "ತಕರಾರು ಏನಾರಾ ಐತೇನ್ರಪ್ಪಾ?" ಇದ್ದರೆ ಸಮಿತಿಯವರನ್ನು ಕರೆಸುತ್ತೇನೆ. ಅವರು ಬಗ್ಗದಿದ್ದರೆ, ರಾಷ್ಟ್ರಗೀತೆಗೆ ಮುಂಚೆ ಕ್ಯಾಪ್ಟನ್ ಕೈಗೆ ಒಂದು ನಿಮಿಷ ಮೈಕ್. ಸಮಿತಿಯವರು ಕಣ್ಣು ಕೆಂಪಗೆ ಮಾಡುತ್ತಾರೆ, ಮುಂದಿನ ವರ್ಷ ಬೇರೆ ಮೈಕ್‌ಸೆಟ್ ನೋಡಿಕೊಳ್ಳುತ್ತಾರೆ. ನನಗೆ ಹಾಗೆ ಎರಡು ಊರು ಹೋಗಿವೆ.

ಅಮೆರಿಕದ ಅದೇ ಫುಟ್‌ಬಾಲ್ ಲೀಗಿನ ಆಟಗಾರ ಕಾಲಿನ್ ಕೆಪರ್ನಿಕ್ ವಿಷಯ ಆಮೇಲೆ ಓದಿದೆ. 2016ರ ಆಗಸ್ಟಿನಲ್ಲಿ ಅವನು ಎರಡು ಪಂದ್ಯದಲ್ಲಿ ರಾಷ್ಟ್ರಗೀತೆಗೆ ಕೂತೇ ಇದ್ದ, ಯಾರೂ ಗಮನಿಸಲಿಲ್ಲ. ಮೂರನೆಯದರಲ್ಲಿ ಒಬ್ಬರು ತೆಗೆದ ಫೋಟೋ ಹೊರಬಿತ್ತು, ಊರೆಲ್ಲ ಬೆಂಕಿ. ಕಪ್ಪು ಜನರ ಮೇಲೆ ಪೊಲೀಸರು ನಡೆಸುವ ದೌರ್ಜನ್ಯ ಅವನ ತಕರಾರು. ನೇಟ್ ಬಾಯರ್ ಅನ್ನುವ ಮಾಜಿ ಯೋಧ ಬೈಯಲಿಲ್ಲ, ಹೋಟೆಲಿನಲ್ಲಿ ಎದುರಾಎದುರು ಕೂತು ಮಾತಾಡಿದ. ಕೂರುವ ಬದಲು ಮಂಡಿಯೂರು, ಮಡಿದ ಜೊತೆಗಾರರ ಸಮಾಧಿ ಮುಂದೆ ನಾವೂ ಹಾಗೇ ಮಾಡುವುದು ಅಂದ. ಸೆಪ್ಟೆಂಬರ್ 1ರಿಂದ ಅವನು ಮಂಡಿಯೂರಿದ. ಬೈಗುಳ ನಿಲ್ಲಲಿಲ್ಲ, ಆ ಸೀಸನ್ ಮುಗಿದ ಮೇಲೆ ಯಾವ ತಂಡವೂ ಅವನನ್ನು ತೆಗೆದುಕೊಳ್ಳಲಿಲ್ಲ. ಆದರೂ ಬಾಯರ್ ಮಾಡಿದ್ದು ನನಗೆ ಕೆಲಸಕ್ಕೆ ಬರುವ ಪಾಠ, ನಾನು ಟೀ ಕೊಡಿಸಿ ಮಾಡುವುದೂ ಅದನ್ನೇ. ಇನ್ನು 2021ರ ಅಕ್ಟೋಬರ್ 24, ದುಬೈಯಲ್ಲಿ ಪಾಕಿಸ್ತಾನದ ಎದುರು ನಾವು 10 ವಿಕೆಟ್‌ಗೆ ಸೋತ ರಾತ್ರಿ, ನಮ್ಮ ಆಟಗಾರರೇ ಆಟ ಶುರುವಾಗುವ ಮುಂಚೆ ಅದೇ ತಕರಾರಿಗೆ ದನಿಗೂಡಿಸಿ ಮಂಡಿಯೂರಿದ್ದರು. ಟೀ ಅಂಗಡಿಯಲ್ಲಿ "ಏನಣ್ಣ, ಲೇಸ್ ಕಟ್ಕತಾವ್ರಾ ಎಲ್ರೂವೆ?" ಅಂತ ಒಬ್ಬ ಕೇಳಿದ. ಎಲ್ಲೋ ಹೊತ್ತಿದ್ದು ಎಲ್ಲಿಗೆ ಬಂತು ನೋಡಿ.

ನಮಗೇನು ಹೊಸದಲ್ಲ ಇದು. ಮದ್ದೂರಿನ ಶಿವಪುರದಲ್ಲಿ ಸತ್ಯಾಗ್ರಹ ಸೌಧ ಇದೆಯಲ್ಲ. 1938ರ ಏಪ್ರಿಲಿನಲ್ಲಿ ಅಲ್ಲಿ ನಿಷೇಧ ಇದ್ದರೂ ಬಾವುಟ ಹಾರಿಸಿ ಜನ ಜೈಲಿಗೆ ಹೋದರು. ಅವತ್ತು ಬಾವುಟಕ್ಕೆ ಎದ್ದು ನಿಂತವನೇ ತಂಟೆಕೋರ.

ಕ್ಯಾಮೆರಾ ಹುಡುಗನಿಗೂ ಎರಡು ಮಾತು ಹೇಳಿಡಿ. ಡ್ರೋನ್ ಕೆಳಗಿಳಿಸಬೇಕು, ಅದರ ಗುಂಯ್ ಸದ್ದು ಹಾಡಿನ ಮೇಲೆ ಕೂರುತ್ತದೆ. ಮುಖ ಮುಖಕ್ಕೆ ಜೂಮ್ ಹಾಕಿ ಯಾರು ಹಾಡ್ತಾರೆ, ಯಾರು ಇಲ್ಲ ಅಂತ ಹುಡುಕಬಾರದು. ದೂರದಿಂದ ಪೂರ್ತಿ ಮೈದಾನ ಒಂದೇ ಶಾಟ್ ಸಾಕು. ನೀವು ಪ್ಲೇ ಒತ್ತಿದ ಕೂಡಲೇ ಮೈಕಿನ ಸ್ವಿಚ್ ಆರಿಸಿ, ಮೈಕನ್ನು ಟೇಬಲ್ ಮೇಲಿಡಿ, ಕೈ ನೇರ ಮಾಡಿ ನಿಂತುಕೊಳ್ಳಿ. ಕೈಯಲ್ಲಿದ್ದರೆ ಬಾಯಿ ಸುಮ್ಮನಿರುವುದಿಲ್ಲ.

ಕೇಬಲ್ ಸುತ್ತುವ ಮುಂಚೆ ನೆಲಕ್ಕೆ ಬಿದ್ದ ಕಾಗದದ ಬಾವುಟಗಳನ್ನು ಆರಿಸಿ ಒಂದು ಚೀಲಕ್ಕೆ ಹಾಕಿಕೊಳ್ಳಿ. ಹಾಗೆ ಎಸೆದು ಬಿಡಬಾರದು ಅಂತ ಧ್ವಜಸಂಹಿತೆಯಲ್ಲೇ ಇದೆ. ಆ ಹುಡುಗರಿಗೆ ದುಡ್ಡು ಬಂತಾ ಅಂತ ಕೇಳುತ್ತೀರಿ. ಅರ್ಧ ಬಂತು, ಅದೂ ಯುಗಾದಿ ಕಳೆದ ಮೇಲೆ. ಕೇಸು ಆಗಲಿಲ್ಲ. ನಿಮ್ಮ ಬಾಡಿಗೆಯನ್ನು ಮಾತ್ರ ಫೈನಲ್ ಶುರುವಾಗುವುದಕ್ಕೆ ಮುಂಚೆಯೇ ಈಸಿಕೊಳ್ಳಿ. ನನಗೆ ಆ ಊರಿಂದ 4 ಸಾವಿರ ಇನ್ನೂ ಬಾಕಿ ಇದೆ.